ಶಾಖದ ಲೇವಾದೇವಿ

ಮಾರ್ಗಶಿರ ಮಾಸದ ಬೆಳಗಿನ ಜಾವ. ದೇವರಮನೆಯ ಕಲ್ಲುಚಪ್ಪಡಿಯ ಮೇಲೆ ಒಂದು ಹಲಸಿನ ಮಣೆ ಇದೆ. ರಾತ್ರಿಯೆಲ್ಲ ಕಲ್ಲೂ ಮಣೆಯೂ ಒಂದೇ ಕೋಣೆಯಲ್ಲಿ, ಒಂದೇ ಗಾಳಿಯಲ್ಲಿ ಇದ್ದವು. ಬರಿಗಾಲನ್ನು ನೆಲದ ಮೇಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಮಣೆಯ ಮೇಲಿಟ್ಟರೆ ಹಾಯೆನಿಸುತ್ತದೆ. ಕಲ್ಲು ತಣ್ಣಗಿದೆ, ಮಣೆ ಬೆಚ್ಚಗಿದೆ ಎಂದು ನಾವು ಹಿಂದುಮುಂದು ನೋಡದೆ ಹೇಳಿಬಿಡುತ್ತೇವೆ. ಆದರೆ ತಾಪಮಾಪಕವನ್ನು ತಂದು ಎರಡಕ್ಕೂ ತಾಗಿಸಿ ನೋಡಿದರೆ ಪಾದರಸವು ಎರಡು ಕಡೆಯೂ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಕಲ್ಲು ೧೮ ಡಿಗ್ರಿ ಸೆಂಟಿಗ್ರೇಡ್ ಆದರೆ ಮಣೆಯೂ ೧೮ ಡಿಗ್ರಿಯೇ. ಹಾಗಾದರೆ ಸುಳ್ಳು ಹೇಳುತ್ತಿರುವುದು ಕಾಲೋ, ಗಾಜಿನ ಕೊಳವೆಯೋ?

ಎರಡೂ ನಿಜವನ್ನೇ ಹೇಳುತ್ತಿವೆ. ಅವು ಉತ್ತರಿಸುತ್ತಿರುವ ಪ್ರಶ್ನೆಗಳು ಬೇರೆಬೇರೆ. ವಸ್ತು ಎಷ್ಟು ಬಿಸಿಯಾಗಿದೆ ಎಂಬುದನ್ನು ಕೊಳವೆ ಹೇಳುತ್ತದೆ. ತನ್ನಿಂದ ಶಾಖವು ಎಷ್ಟು ವೇಗವಾಗಿ ಹೊರಟುಹೋಗುತ್ತಿದೆ ಎಂಬುದನ್ನು ಕಾಲು ಹೇಳುತ್ತದೆ. ಭೌತವಿಜ್ಞಾನದ ಪಠ್ಯಪುಸ್ತಕದಲ್ಲಿ ಶಾಖದ ಅಧ್ಯಾಯದ ಕೊನೆಗೆ ಸಾಲುಗಟ್ಟಿ ನಿಲ್ಲುವ ಲೆಕ್ಕಗಳೆಲ್ಲವೂ ಈ ಎರಡು ಪ್ರಶ್ನೆಗಳ ಸಂತಾನವೇ. ಬಿಸಿಯ ವಸ್ತುವೊಂದು, ತಣ್ಣನೆಯ ವಸ್ತುವೊಂದು. ಅವೆರಡರ ನಡುವೆ ಶಾಖದ ಲೇವಾದೇವಿ. ವಿಜ್ಞಾನದ ವಿದ್ಯಾರ್ಥಿಗಳು ಕನ್ನಡದ ಗಂಟೆಯಲ್ಲಿ ರನ್ನನ ಗದಾಯುದ್ಧದ ಮರೆಯಲ್ಲಿ ಹೊಂಚಿಕೊಂಡು ಬಿಡಿಸುವುದು ಇಂಥ ಲೆಕ್ಕಗಳನ್ನೇ. ನಾನು ಅದನ್ನು ಕಂಡೂ ಕಾಣದವನಂತಿರುತ್ತೇನೆ. ಅವರು ಅಲ್ಲಿ ಎಡವುವುದು ಬಹುಮಟ್ಟಿಗೆ ಗಣಿತದಲ್ಲಿ ಅಲ್ಲ, ಮಾತಿನಲ್ಲಿ. ಆದಕಾರಣ ಕನ್ನಡದ ಅಧ್ಯಾಪಕನಿಗೂ ಇದರಲ್ಲಿ ಅಷ್ಟಿಷ್ಟು ಹಕ್ಕುಂಟೆಂದು ನನ್ನ ಭಾವನೆ.

ನಮ್ಮ ನುಡಿಗೆ ಈ ವಿಷಯದಲ್ಲಿ ಬಡತನವೇನೂ ಇಲ್ಲ. ಬಿಸಿ, ಕಾವು, ಸೆಕೆ, ಝಳ, ಧಗೆ, ಬೇಗೆ, ಉರಿ, ಬೆಚ್ಚಗೆ, ಉಗುರುಬೆಚ್ಚಗೆ - ಒಂದೊಂದಕ್ಕೂ ತನ್ನದೇ ಆದ ಛಾಯೆಯಿದೆ. ಕೋಳಿ ಮೊಟ್ಟೆಗಳ ಮೇಲೆ 'ಕಾವು ಕೂರುತ್ತದೆ'. ಒಂದು ಜೀವವು ತನ್ನ ಮೈಯ ಶಾಖವನ್ನು ಇನ್ನೊಂದಕ್ಕೆ ಧಾರೆಯೆರೆಯುವ ಆ ಕ್ರಿಯೆಗೆ ಇದಕ್ಕಿಂತ ಚೆಲುವಾದ ಮಾತು ಬೇರೆ ಭಾಷೆಯಲ್ಲಿದೆಯೋ ಇಲ್ಲವೋ ನಾನರಿಯೆ. ಆದರೆ ಶಾಸ್ತ್ರಕ್ಕೆ ಬೇಕಾದದ್ದು ಛಾಯೆಗಳಲ್ಲ, ಗಡಿಗಳು. ಅದಕ್ಕಾಗಿ ಎರಡು ಪದಗಳನ್ನು ಬೇರೆಬೇರೆಯಾಗಿ ನಿಲ್ಲಿಸಬೇಕು: ಮೊತ್ತಕ್ಕೆ 'ಶಾಖ', ಮಟ್ಟಕ್ಕೆ 'ತಾಪ'. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಒಂದು ಮಾತು. ನೀರಿನ ಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೊಂದು. ದೀಪಾವಳಿಯಲ್ಲಿ ಮಕ್ಕಳು ಹಚ್ಚುವ ಸುರುಸುರುಬತ್ತಿಯ ಕಿಡಿಯ ತಾಪ ಸಾವಿರ ಡಿಗ್ರಿಗೆ ಕಡಿಮೆಯಿಲ್ಲ. ಆದರೂ ಒಂದು ಕಿಡಿ ಕೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುತ್ತದೆ. ಕುದಿಯುವ ನೀರಿನ ತಾಪ ೧೦೦ ಡಿಗ್ರಿ ಮಾತ್ರ. ಒಂದು ಚೊಂಬು ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಿಡಿಯಲ್ಲಿ ಮಟ್ಟ ಮೇಲು, ಮೊತ್ತ ಅತ್ಯಲ್ಪ. ಶಾಖವು ಹರಿಯುವುದು ಮೊತ್ತವನ್ನು ನೋಡಿಕೊಂಡಲ್ಲ. ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ.

ಈ ಭೇದವನ್ನು ಸ್ಪಷ್ಟವಾಗಿ ಕಂಡವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ (೧೭೨೮-೧೭೯೯). ಅವನಿಗೆ ಮುಂಚೆ ಫ್ಯಾರನ್‌ಹೀಟ್ ನೀರನ್ನೂ ಪಾದರಸವನ್ನೂ ಬೆರೆಸಿ ನೋಡಿದ್ದ. ಆ ಪ್ರಯೋಗದಿಂದ ಹೊರಡುವ ಅರ್ಥವನ್ನು ಬ್ಲ್ಯಾಕ್ ತನ್ನ ಉಪನ್ಯಾಸಗಳಲ್ಲಿ ಹೀಗೆ ವಿವರಿಸಿದ: ೧೦೦ ಡಿಗ್ರಿಯ ನೀರಿಗೆ ೧೫೦ ಡಿಗ್ರಿಯ ಪಾದರಸವನ್ನು ಅಷ್ಟೇ ಅಳತೆಯಲ್ಲಿ ಬೆರೆಸಿದರೆ ಮಿಶ್ರಣವು ನಡುವಿನ ೧೨೫ಕ್ಕೆ ಬರುವುದಿಲ್ಲ, ೧೨೦ಕ್ಕೆ ಇಳಿಯುತ್ತದೆ. ಪಾದರಸ ೩೦ ಡಿಗ್ರಿ ಕಳೆದುಕೊಂಡಿತು. ನೀರು ೨೦ ಡಿಗ್ರಿ ಮಾತ್ರ ಏರಿತು. ಪಾದರಸವು ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದುದು. ಭಾರವಾದ ವಸ್ತು ಹೆಚ್ಚು ಶಾಖವನ್ನು ಹಿಡಿದಿಡಬೇಕೆಂದು ಅಂದಿನವರು ನಂಬಿದ್ದರು. ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಒಂದೊಂದು ವಸ್ತುವಿಗೂ ಶಾಖವನ್ನು ತುಂಬಿಕೊಳ್ಳುವ ತನ್ನದೇ ಆದ ಯೋಗ್ಯತೆಯಿದೆ. ಅದನ್ನೇ ಇಂದು ವಿಶಿಷ್ಟ ಶಾಖ ಎನ್ನುತ್ತೇವೆ. ಬ್ಲ್ಯಾಕನ ಕಾಲದ ಅಳತೆ ಒರಟು; ಇಂದಿನ ಅಂಕಿಗಳಿಂದ ಲೆಕ್ಕ ಹಾಕಿದರೆ ೧೧೬ರ ಸಮೀಪಕ್ಕೆ ಬರುತ್ತದೆ. ಅಂದರೆ ಅವನ ವಾದಕ್ಕೆ ಅವನ ಅಂಕಿಗಳಿಗಿಂತ ಹೆಚ್ಚು ಬಲವೇ ಇದೆ.

ಇಷ್ಟು ತಿಳಿದ ಮೇಲೆ ಮೊದಲನೆಯ ಜಾತಿಯ ಲೆಕ್ಕವು ಶ್ಯಾನುಭೋಗರ ಖಾತೆಯಷ್ಟೇ ಸರಳ. ಬಿಸಿಯ ವಸ್ತುವಿನ ಖರ್ಚು, ತಣ್ಣನೆಯ ವಸ್ತುವಿನ ಜಮಾ, ಎರಡೂ ಸರಿದೂಗಬೇಕು. ತೂಕವನ್ನು ವಿಶಿಷ್ಟ ಶಾಖದಿಂದಲೂ ತಾಪದ ಏರಿಳಿತದಿಂದಲೂ ಗುಣಿಸಿದರೆ ಒಂದೊಂದು ಕಡೆಯ ಮೊತ್ತ ಸಿಕ್ಕುತ್ತದೆ. ಹಂಡೆಯಲ್ಲಿ ನೀರು ೮೦ ಡಿಗ್ರಿಯಲ್ಲಿದೆ. ತೊಟ್ಟಿಯ ನೀರು ೨೪ ಡಿಗ್ರಿ. ಎಳೆಯ ಕೂಸಿಗೆ ಎರೆಯಲು ೩೮ ಡಿಗ್ರಿಯ ಹದ ಬೇಕು. ಬಿಸಿನೀರು ಇಳಿಯಬೇಕಾದದ್ದು ೪೨ ಡಿಗ್ರಿ, ತಣ್ಣೀರು ಏರಬೇಕಾದದ್ದು ೧೪ ಡಿಗ್ರಿ. ೪೨ನ್ನು ೧೪ರಿಂದ ಭಾಗಿಸಿದರೆ ೩. ಒಂದು ಚೊಂಬು ಬಿಸಿನೀರಿಗೆ ಮೂರು ಚೊಂಬು ತಣ್ಣೀರು. ಪಾತ್ರೆ ಹೀರುವ ಶಾಖ, ಗಾಳಿಗೆ ಸೋರುವ ಶಾಖ ಇವನ್ನು ಬಿಟ್ಟ ಲೆಕ್ಕ ಇದು. ಅವನ್ನು ಸೇರಿಸಿದರೆ ನೀರು ಇನ್ನೂ ಸ್ವಲ್ಪ ಆರುತ್ತದೆ.

ಈ ಲೆಕ್ಕದಲ್ಲಿ ಒಂದು ಅಪಾಯ ಅಡಗಿದೆ. ಮೂರು ಚೊಂಬಿನ ನಂತರ ಒಂದು ಎಂದರೂ ಒಂದರ ನಂತರ ಮೂರು ಎಂದರೂ ಉತ್ತರ ೩೮ ಡಿಗ್ರಿಯೇ. ಕಾಗದದ ಮೇಲೆ ಕ್ರಮಕ್ಕೆ ಬೆಲೆಯಿಲ್ಲ, ಬಚ್ಚಲುಮನೆಯಲ್ಲಿ ಇದೆ. ಮೊದಲು ಬಿಸಿನೀರನ್ನು ಸುರಿದು ತಣ್ಣೀರು ತರಲು ತಾಯಿ ಆಚೆ ಹೋದ ಅರೆಗಳಿಗೆಯಲ್ಲಿ, ಅಂಬೆಗಾಲಿಟ್ಟು ಬಂದ ಮಗು ಆ ಪಾತ್ರೆಯೊಳಗೆ ಕೈ ಅದ್ದುತ್ತದೆ. ೬೦ ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಬೇಯಿಸಬಲ್ಲುದು. ಮಗುವಿನ ತೆಳುಚರ್ಮಕ್ಕೆ ಅಷ್ಟೂ ಬೇಡ. ಆದ್ದರಿಂದ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬಾಣಂತಿಯ ಮನೆಯಲ್ಲಿ ನೀರು ಹದ ಮಾಡುವ ಅಜ್ಜಿ ಅಂಗೈಯನ್ನು ನಂಬದೆ ಮೊಳಕೈಯನ್ನು ಅದ್ದಿ ನೋಡುತ್ತಾಳಷ್ಟೆ. ಒಲೆಯ ಕೆಲಸದಿಂದ ಅಂಗೈ ಜಡ್ಡುಗಟ್ಟಿದೆ. ಮೊಳಕೈಯ ಚರ್ಮ ಇನ್ನೂ ಎಳೆಯದು. ಆಕೆಯ ಬಳಿ ಇರುವ ಅತ್ಯುತ್ತಮ ತಾಪಮಾಪಕ ಅದೇ.

ಹೀಗೆ ಸರಾಸರಿ ತೆಗೆಯುವುದು ರೂಢಿಯಾದ ವಿದ್ಯಾರ್ಥಿ ಮಂಜುಗಡ್ಡೆ ಬಂದೊಡನೆ ಸಿಕ್ಕಿಬೀಳುತ್ತಾನೆ. ಸೊನ್ನೆ ಡಿಗ್ರಿಯ ನೂರು ಗ್ರಾಂ ಮಂಜುಗಡ್ಡೆಯನ್ನು ೮೦ ಡಿಗ್ರಿಯ ನೂರು ಗ್ರಾಂ ನೀರಿಗೆ ಹಾಕಿದರೆ ಕೊನೆಯ ತಾಪವೆಷ್ಟು? ೪೦ ಎಂದು ಬರೆದರೆ ಅಂಕ ಹೋಯಿತು. ಒಂದು ಗ್ರಾಂ ಮಂಜುಗಡ್ಡೆ ಕರಗಲಿಕ್ಕೇ ಸುಮಾರು ೮೦ ಕ್ಯಾಲೊರಿ ಬೇಕು. ಬಿಸಿನೀರು ತನ್ನಲ್ಲಿದ್ದುದನ್ನೆಲ್ಲ ಆ ಕರಗುವಿಕೆಗೆ ಸುರಿದು ತಾನೂ ಸೊನ್ನೆಗೆ ಇಳಿಯುತ್ತದೆ. ಪಾತ್ರೆಯಲ್ಲಿ ಉಳಿಯುವುದು ಸೊನ್ನೆ ಡಿಗ್ರಿಯ ಇನ್ನೂರು ಗ್ರಾಂ ನೀರು. ಜಮಾ ಆಯಿತು, ತಾಪಮಾಪಕಕ್ಕೆ ಗೊತ್ತಾಗಲಿಲ್ಲ. ಗುಪ್ತೋಷ್ಣವೆಂಬ ಈ ಕಳ್ಳಗಂಟನ್ನು ಪತ್ತೆಹಚ್ಚಿದವನೂ ಬ್ಲ್ಯಾಕನೇ.

ಇನ್ನು ಎರಡನೆಯ ಪ್ರಶ್ನೆ: ಎಷ್ಟು ಬೇಗ? ೧೭೦೧ರಲ್ಲಿ ನ್ಯೂಟನ್ ಹೆಸರು ಹಾಕದೆಯೇ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ಇದರ ಮೊದಲ ಸುಳುಹು ಇದೆ. ಬಿಸಿಯ ವಸ್ತುವಿಗೂ ಸುತ್ತಲಿನ ಗಾಳಿಗೂ ತಾಪದ ಅಂತರ ಹೆಚ್ಚಿದ್ದಷ್ಟೂ ಅದು ಬೇಗ ಆರುತ್ತದೆ. ೨೫ ಡಿಗ್ರಿಯ ಕೋಣೆಯಲ್ಲಿ ೮೫ ಡಿಗ್ರಿಯ ಕಾಫಿ ಐದು ನಿಮಿಷದಲ್ಲಿ ೬೫ಕ್ಕೆ ಇಳಿದರೆ, ಇನ್ನೈದು ನಿಮಿಷಕ್ಕೆ ೪೫ ಆಗುವುದಿಲ್ಲ. ೫೨ರ ಹತ್ತಿರ ನಿಲ್ಲುತ್ತದೆ. ಅಂತರವು ೬೦ರಿಂದ ೪೦ಕ್ಕೆ, ಅಂದರೆ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಮುಂದೆಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ತಣ್ಣನೆಯ ಹಾಲನ್ನು ಕಾಫಿಗೆ ಮೊದಲೇ ಹಾಕಬೇಕೋ ಕೊನೆಗೆ ಹಾಕಬೇಕೋ ಎಂದು ಪಾಶ್ಚಾತ್ಯರ ಪುಸ್ತಕಗಳಲ್ಲಿ ಒಂದು ಲೆಕ್ಕವಿರುವುದುಂಟು. ಕಾಯಿಸಿದ ಹಾಲನ್ನೇ ಬೆರೆಸಿ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ನಮಗೆ ಆ ಚಿಂತೆ ಇಲ್ಲ.

ಗಾಳಿಯನ್ನು ಬಿಟ್ಟು ಘನವಸ್ತುವಿನ ಒಳಗೆ ಶಾಖವು ಹೇಗೆ ನಡೆದುಹೋಗುತ್ತದೆ ಎಂಬುದನ್ನು ಗಣಿತಕ್ಕೆ ಒಗ್ಗಿಸಿದ ಕೀರ್ತಿ ಫ್ರಾನ್ಸಿನ ಜೋಸೆಫ್ ಫೂರ್ಯೇಗೆ ಸಲ್ಲುತ್ತದೆ. ೧೭೬೮ರಲ್ಲಿ ಓಸೇರ್ ಎಂಬ ಊರಿನಲ್ಲಿ ಹುಟ್ಟಿದ ದರ್ಜಿಯ ಮಗ ಈತ, ಎಳೆತನದಲ್ಲಿಯೇ ತಬ್ಬಲಿ, ಕ್ರಾಂತಿಯ ಕಾಲದಲ್ಲಿ ಸೆರೆಮನೆಯನ್ನೂ ಕಂಡವನು. ೧೭೯೮ರಲ್ಲಿ ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋಗಿ ಬಂದ ಮೇಲೆ ಗ್ರೆನೋಬಲ್ ಪಟ್ಟಣದಲ್ಲಿ ಪ್ರಾಂತಾಧಿಕಾರಿಯಾಗಿ ನೇಮಕಗೊಂಡ. ಮರುಭೂಮಿಯ ಬಿಸಿಲಿಗೆ ಒಗ್ಗಿದ ಮೈ ಆಲ್ಪ್ಸ್ ತಪ್ಪಲಿನ ಚಳಿಯನ್ನು ಸಹಿಸದಾಯಿತೆಂದೂ, ಬೇಸಗೆಯಲ್ಲಿಯೂ ದಪ್ಪ ಬಟ್ಟೆ ಹೊದೆದಿರುತ್ತಿದ್ದನೆಂದೂ ಹೇಳುತ್ತಾರೆ. ಕಚೇರಿಯ ಕಡತಗಳ ನಡುವೆಯೇ ಬರೆದ ಪ್ರಬಂಧವನ್ನು ೧೮೦೭ರಲ್ಲಿ ಪ್ಯಾರಿಸಿನ ವಿದ್ವತ್ಸಭೆಗೆ ಒಪ್ಪಿಸಿದ. ಲಗ್ರಾಂಜ್, ಲಾಪ್ಲಾಸ್ ಮೊದಲಾದ ಘಟಾನುಘಟಿಗಳು ಪರೀಕ್ಷಕರು. ಲಗ್ರಾಂಜ್ ಒಪ್ಪಲಿಲ್ಲ; ಪ್ರಬಂಧ ಅಚ್ಚಾಗಲಿಲ್ಲ. ೧೮೧೧ರಲ್ಲಿ ತಿದ್ದಿ ಕಳುಹಿಸಿದಾಗ ಬಹುಮಾನ ಬಂದಿತು, ಆಕ್ಷೇಪಣೆಯ ಬಾಲವನ್ನು ಅಂಟಿಸಿಕೊಂಡೇ. ಗ್ರಂಥವು ಬೆಳಕು ಕಂಡದ್ದು ೧೮೨೨ರಲ್ಲಿ. ಹದಿನೈದು ವರ್ಷ ಕಾದ ಆ ಪುಸ್ತಕ ಇಂದಿಗೂ ಎಂಜಿನಿಯರರ ಅನ್ನದ ಬಟ್ಟಲು.

ಅವನ ನಿಯಮದ ತಿರುಳನ್ನು ಯಾರಾದರೂ ಹೇಳಬಹುದು. ಗೋಡೆಯೊಂದರ ಮೂಲಕ ಹರಿಯುವ ಶಾಖವು ಆಚೀಚಿನ ತಾಪದ ಅಂತರ ಹೆಚ್ಚಿದಂತೆ ಹೆಚ್ಚುತ್ತದೆ, ಗೋಡೆ ದಪ್ಪವಾದಂತೆ ಕುಗ್ಗುತ್ತದೆ, ಅಗಲವಾದಂತೆ ಹಿಗ್ಗುತ್ತದೆ. ಉಳಿದದ್ದು ವಸ್ತುವಿನ ಗುಣ, ವಾಹಕತೆ. ಒಂದೇ ಮಾನದಲ್ಲಿ ಅಳೆದರೆ ತಾಮ್ರದ್ದು ಸುಮಾರು ೪೦೦, ಕಬ್ಬಿಣದ್ದು ೮೦, ತುಕ್ಕುಹಿಡಿಯದ ಉಕ್ಕಿನದು ೧೫, ಕಗ್ಗಲ್ಲಿನದು ೩, ಮರದ್ದು ೦.೧೫, ನಿಂತ ಗಾಳಿಯದು ೦.೦೨೬. ಕಂಬಳಿ ಬೆಚ್ಚಗಿರುವುದು ಉಣ್ಣೆಯ ಮಹಿಮೆಗಿಂತ ಹೆಚ್ಚಾಗಿ ಅದರ ಎಳೆಗಳಲ್ಲಿ ಸಿಕ್ಕಿಬಿದ್ದ ಗಾಳಿಯ ಮಹಿಮೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಹೊದಿಸಿದರೆ ಅದು ಬೇಗ ಕರಗದಂತೆಯೂ ಕಾಪಾಡುತ್ತದೆ.

ಈಗ ಪರೀಕ್ಷೆಗೆ ಪದೇಪದೇ ಬರುವ ಲೆಕ್ಕವೊಂದನ್ನು ನೋಡೋಣ. ಒಂದೇ ಉದ್ದದ, ಒಂದೇ ದಪ್ಪದ ತಾಮ್ರದ ಸಲಾಕೆಯನ್ನೂ ಕಬ್ಬಿಣದ ಸಲಾಕೆಯನ್ನೂ ತುದಿಗೆ ತುದಿ ಬೆಸೆದಿದೆ. ತಾಮ್ರದ ಹೊರತುದಿ ಕುದಿಯುವ ನೀರಿನಲ್ಲಿ, ಕಬ್ಬಿಣದ ಹೊರತುದಿ ಕರಗುವ ಮಂಜುಗಡ್ಡೆಯಲ್ಲಿ. ಸಲಾಕೆಗಳ ಪಕ್ಕಗಳಿಂದ ಶಾಖ ಸೋರದಂತೆ ಸುತ್ತಿದೆ. ಬೆಸುಗೆಯ ತಾಪವೆಷ್ಟು? ಮನಸ್ಸು ೫೦ ಎನ್ನುತ್ತದೆ. ಆದರೆ ತಾಪ ಸ್ಥಿರಗೊಂಡ ಮೇಲೆ ತಾಮ್ರದಲ್ಲಿ ಎಷ್ಟು ಶಾಖ ಹರಿಯುತ್ತದೆಯೋ ಕಬ್ಬಿಣದಲ್ಲಿಯೂ ಅಷ್ಟೇ ಹರಿಯಬೇಕು. ನಡುವೆ ತಂಗಲು ಛತ್ರವಿಲ್ಲ. ಕಬ್ಬಿಣವು ತಾಮ್ರದ ಐದನೆಯ ಒಂದರಷ್ಟು ವಾಹಕ. ಆದ್ದರಿಂದ ಅಷ್ಟೇ ಶಾಖವನ್ನು ದಾಟಿಸಲು ಅದಕ್ಕೆ ಐದು ಪಟ್ಟು ಇಳಿಜಾರು ಬೇಕು. ನೂರು ಡಿಗ್ರಿಯನ್ನು ಆರು ಪಾಲು ಮಾಡಿ ಒಂದು ಪಾಲು ತಾಮ್ರಕ್ಕೆ, ಐದು ಪಾಲು ಕಬ್ಬಿಣಕ್ಕೆ. ಬೆಸುಗೆ ಸುಮಾರು ೮೩ ಡಿಗ್ರಿ. ತಡೆ ಎಲ್ಲಿ ಹೆಚ್ಚೋ ತಾಪ ಧುಮುಕುವುದು ಅಲ್ಲಿಯೇ.

ಕಾರ್ಖಾನೆಯ ಬಾಯ್ಲರುಗಳಲ್ಲಿ ಈ ಲೆಕ್ಕ ಜೀವಕ್ಕೆ ಸಂಬಂಧಿಸಿದ್ದು. ಗಡಸುನೀರು ಕುದಿದು ಕೊಳವೆಯ ಒಳಮೈಗೆ ಸುಣ್ಣದ ಪದರ ಕಟ್ಟುತ್ತದೆ. ಸುಣ್ಣವು ಲೋಹಕ್ಕಿಂತ ಬಹಳ ಕೆಟ್ಟ ವಾಹಕ. ಮೊದಲು ನೀರಿನ ಜೊತೆಗೇ ತಂಪಾಗಿದ್ದ ಲೋಹವು ಈಗ ಪದರದ ಹೊರಗೆ, ಬೆಂಕಿಯ ಕಡೆಗೆ, ಒಂಟಿಯಾಗಿ ಉಳಿಯುತ್ತದೆ. ಮಿತಿಮೀರಿ ಕಾಯುತ್ತದೆ, ಮೆತ್ತಗಾಗುತ್ತದೆ, ಒಳಗಿನ ಒತ್ತಡಕ್ಕೆ ಉಬ್ಬಿ ಸಿಡಿಯುತ್ತದೆ. ಬಾಯ್ಲರಿಗೆ ಹೋಗುವ ನೀರಿನ ಗಡಸುತನವನ್ನು ಮೊದಲೇ ತೆಗೆಯುವುದು ಇದಕ್ಕಾಗಿಯೇ.

ದೇವರಮನೆಯ ಕಲ್ಲು ಮಣೆಗಳ ಲೆಕ್ಕ ಇನ್ನೂ ಬಾಕಿಯಿದೆ. ಎರಡು ದಪ್ಪ ವಸ್ತುಗಳು ತಾಗಿದ ಕ್ಷಣವೇ ಅವು ಕೂಡುವ ಮೇಲ್ಮೈ ಒಂದು ನಡುತಾಪಕ್ಕೆ ಬಂದು ನಿಲ್ಲುತ್ತದೆ. ಆ ನಡುತಾಪ ಯಾರ ಕಡೆಗೆ ವಾಲಬೇಕೆಂಬುದನ್ನು ವಾಹಕತೆ, ಸಾಂದ್ರತೆ, ವಿಶಿಷ್ಟ ಶಾಖ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದ ಸಂಖ್ಯೆ ನಿರ್ಣಯಿಸುತ್ತದೆ. ಈ ಲೇಖನದ ಮಟ್ಟಿಗೆ ಅದನ್ನು 'ಹಿಡಿತ' ಎಂದು ಕರೆಯುತ್ತೇನೆ. ನಮ್ಮ ಚರ್ಮದ ಹಿಡಿತವನ್ನು ೧ ಎಂದಿಟ್ಟುಕೊಂಡರೆ ಕಗ್ಗಲ್ಲಿನದು ಸುಮಾರು ೨, ಮರದ್ದು ಮೂರರಲ್ಲಿ ಒಂದು. ಅಂಗಾಲು ೩೩ ಡಿಗ್ರಿ, ನೆಲ ೧೮ ಡಿಗ್ರಿ. ಕಲ್ಲಿನ ಮೇಲೆ: ೩೩ಕ್ಕೆ ೧೮ರ ಎರಡರಷ್ಟನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ೨೩. ಮಣೆಯ ಮೇಲೆ ಅದೇ ರೀತಿ ಮಾಡಿದರೆ ೨೯. ಅಂಗಾಲಿಗೆ ಕಲ್ಲು ಆರು ಡಿಗ್ರಿ ತಣ್ಣಗೆ ತೋರಿದ್ದು ಭ್ರಮೆಯಲ್ಲ. ತಾಗಿದ ಮೇಲೆ ಅಲ್ಲಿನ ಚರ್ಮ ನಿಜವಾಗಿಯೂ ಅಷ್ಟು ತಣ್ಣಗಾಗಿದೆ.

ಇದೇ ಲೆಕ್ಕ ನಮ್ಮ ಜಾತ್ರೆಗಳ ಕೊಂಡ ಹಾಯುವುದಕ್ಕೂ ಅನ್ವಯಿಸುತ್ತದೆ. ಭಕ್ತಿಯ ಮಾತು ಬೇರೆ. ಅದರಲ್ಲಿ ನಾನು ಕೈಹಾಕುವುದಿಲ್ಲ. ೧೯೩೫ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಖುದಾ ಬಕ್ಷ್ ಎಂಬ ಕಾಶ್ಮೀರದವನು ಪರೀಕ್ಷಕರ ಮುಂದೆ ಕೆಂಡ ತುಳಿದಾಗ ಮೇಲ್ಮೈಯ ತಾಪ ೪೩೦ ಡಿಗ್ರಿಯಿತ್ತು. ಅವನ ಅಂಗಾಲು ಸುಡಲಿಲ್ಲ. ಹಗುರವಾದ ಇದ್ದಿಲಿನ ಹಿಡಿತ ಚರ್ಮದ ಸುಮಾರು ಎಂಟರಲ್ಲಿ ಒಂದರಷ್ಟು. ಲೆಕ್ಕ ಹಾಕಿದರೆ ತಾಗುವ ಮೇಲ್ಮೈ ೭೭ ಡಿಗ್ರಿಗೆ ಬರುತ್ತದೆ. ಅರ್ಧ ಸೆಕೆಂಡಿನ ಹೆಜ್ಜೆಯಾದರೆ, ಅಂಗಾಲಿನ ಚರ್ಮ ದಪ್ಪವಾಗಿದ್ದರೆ, ಕೆಂಡದ ಮೇಲೆ ಬೂದಿಯ ತೆಳುಪದರವಿದ್ದರೆ, ಶಾಖವು ಜೀವಂತ ಪದರವನ್ನು ಮುಟ್ಟುವುದರೊಳಗೆ ಕಾಲು ಮೇಲೆದ್ದಿರುತ್ತದೆ. ಅದೇ ತಾಪಕ್ಕೆ ಕಾಯಿಸಿದ ಕಬ್ಬಿಣದ ಹಲಗೆಯಾಗಿದ್ದರೆ ಲೆಕ್ಕ ೪೦೦ ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಒಂದು ಹೆಜ್ಜೆಗೂ ಉಳಿಗಾಲವಿಲ್ಲ. ೭೭ ಡಿಗ್ರಿಯೆಂಬುದು ಉದಾರವಾದ ಅಂಕಿಯೇನಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿನ ಕ್ಷೇಮವೆಲ್ಲ ಹೆಜ್ಜೆಯ ವೇಗದಲ್ಲಿದೆ. ಮುಂದಿನವನು ತಡೆದು ನಿಂತರೆ, ಕಾಲು ಜಾರಿ ಅಂಗೈ ಊರಿದರೆ, ಕಾಲ್ಬೆರಳ ಸಂದಿಯಲ್ಲಿ ಕೆಂಡವೊಂದು ಸಿಕ್ಕಿಕೊಂಡರೆ ಮೇಲಿನ ಒಂದು ಸಾಲೂ ಅನ್ವಯಿಸದು. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಕೊಂಡಕ್ಕೆ ಇಳಿಯುವವರನ್ನು ಕಂಡಾಗ ನನಗೆ ನಡುಕ ಬರುವುದು ಈ ಕಾರಣದಿಂದ. ಎಡವಿ ಬಿದ್ದರೆ ಎದ್ದು ಓಡುವ ಶಕ್ತಿ ಕೂಸಿಗಿಲ್ಲ.

ವಿದ್ಯಾರ್ಥಿಗಳು ಲೆಕ್ಕದ ಕೊನೆಯ ಸಾಲನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ; ಮೊದಲ ಸಾಲಿನ 'ಎಂದು ಭಾವಿಸಿಕೊಳ್ಳಿ' ಎಂಬ ಮಾತನ್ನು ಹಾರಿಸಿಬಿಡುತ್ತಾರೆ. ಈ ಮಾತಿನಲ್ಲಿ ಎಡವಿದ ಅತ್ಯಂತ ದೊಡ್ಡ ವ್ಯಕ್ತಿ ಲಾರ್ಡ್ ಕೆಲ್ವಿನ್. ಹದಿನಾರರ ಹರೆಯದಲ್ಲಿಯೇ ಫೂರ್ಯೇಯ ಗ್ರಂಥವನ್ನು ಹದಿನೈದು ದಿನಗಳಲ್ಲಿ ಅರಗಿಸಿಕೊಂಡ ಅಸಾಮಾನ್ಯ ಪ್ರತಿಭೆ ಆತನದು. ೧೮೬೨ರಲ್ಲಿ ಆತ ಎತ್ತಿಕೊಂಡ ಎರಡು ವಸ್ತುಗಳೆಂದರೆ ಒಂದು ಕಡೆ ಭೂಮಿ, ಇನ್ನೊಂದು ಕಡೆ ತಣ್ಣನೆಯ ಆಕಾಶ. ಭೂಮಿ ಮೊದಲಿಗೆ ೭೦೦೦ ಡಿಗ್ರಿ ಫ್ಯಾರನ್‌ಹೀಟಿನ ಕರಗಿದ ಬಂಡೆಯಷ್ಟು ಬಿಸಿಯಾಗಿತ್ತೆಂದು ಭಾವಿಸಿಕೊಳ್ಳಿ. ಒಳಗೆಲ್ಲ ಗಟ್ಟಿಯಾಗಿದೆ, ಶಾಖ ವಹನದಿಂದ ಮಾತ್ರ ಹೊರಬರುತ್ತದೆ ಎಂದು ಭಾವಿಸಿಕೊಳ್ಳಿ. ಗಣಿಗಳಲ್ಲಿ ಐವತ್ತು ಅಡಿ ಇಳಿದಂತೆ ಒಂದು ಡಿಗ್ರಿ ತಾಪ ಏರುತ್ತದೆ. ಕಾಲ ನಾಲ್ಕು ಪಟ್ಟು ಆದರೆ ಈ ಏರಿಕೆ ಅರ್ಧಕ್ಕೆ ಇಳಿಯಬೇಕು. ಈ ಲೆಕ್ಕದಂತೆ ಭೂಮಿಯ ವಯಸ್ಸು ಸುಮಾರು ೯.೮ ಕೋಟಿ ವರ್ಷ. ಎಷ್ಟು ಸಡಿಲಿಸಿದರೂ ೨ ಕೋಟಿಯಿಂದ ೪೦ ಕೋಟಿಯೊಳಗೆ. ೧೮೯೭ರ ವೇಳೆಗೆ ಆತ ಅದನ್ನು ಇನ್ನೂ ಬಿಗಿದು ೨ರಿಂದ ೪ ಕೋಟಿಗೆ ತಂದ.

ಜೀವಿಗಳು ಮೆಲ್ಲಮೆಲ್ಲನೆ ಮಾರ್ಪಟ್ಟುವೆಂದು ಸಾರಿದ ಡಾರ್ವಿನ್ನನಿಗೆ ಇಷ್ಟು ಕಾಲ ಸಾಲದು. ಇಂಗ್ಲೆಂಡಿನ ಒಂದು ಕಣಿವೆಯ ಸವೆತಕ್ಕೇ ೩೦ ಕೋಟಿ ವರ್ಷ ಬೇಕೆಂದು ೧೮೫೯ರಲ್ಲಿ ಬರೆದಿದ್ದ ಅವನು, ಭೂವಿಜ್ಞಾನದ ಟೀಕೆಗಳಿಂದ ಆ ಅಂಕಿಯನ್ನು ಆಗಲೇ ಕೈಬಿಟ್ಟಿದ್ದ. ಕೆಲ್ವಿನ್ನನ ಲೆಕ್ಕ ಕೊನೆಯವರೆಗೂ ಅವನನ್ನು ಕಾಡಿತು. ಭೂವಿಜ್ಞಾನಿಗಳು ಗೊಣಗಿದರೇ ಹೊರತು ಗಣಿತವನ್ನು ಎದುರಿಸುವ ಧೈರ್ಯ ಹೆಚ್ಚಿನವರಿಗಿರಲಿಲ್ಲ.

ಎದುರಿಸಿದವನು ಕೆಲ್ವಿನ್ನನ ಬಳಿಯೇ ಹಿಂದೆ ಸಹಾಯಕನಾಗಿದ್ದ ಜಾನ್ ಪೆರಿ ಎಂಬ ಐರಿಷ್ ಎಂಜಿನಿಯರ್. ೧೮೯೫ರಲ್ಲಿ ಅವನು ಗುರುವಿನ ಗಣಿತದಲ್ಲಿ ಒಂದು ಅಂಕಿಯನ್ನೂ ತಿದ್ದಲಿಲ್ಲ; ಮೊದಲ ಸಾಲನ್ನು ಮಾತ್ರ ತಿದ್ದಿದ. ಭೂಮಿಯ ಒಳಭಾಗವು ತೊಗಟೆಗಿಂತ ಸುಲಭವಾಗಿ ಶಾಖವನ್ನು ಸಾಗಿಸುತ್ತದೆ, ಅಲ್ಲಿ ಅಷ್ಟಿಷ್ಟು ಹರಿದಾಟವೂ ಇದೆ ಎಂದಿಟ್ಟುಕೊಂಡರೆ ಆಳದ ಶಾಖವು ಮೇಲಕ್ಕೆ ಬಂದು ತೊಗಟೆಯನ್ನು ಕೋಟಿಗಟ್ಟಲೆ ವರ್ಷ ಬೆಚ್ಚಗಿಡುತ್ತದೆ. ಆಗ ವಯಸ್ಸು ೨೦೦, ೩೦೦ ಕೋಟಿ ವರ್ಷವಾದರೂ ಆಶ್ಚರ್ಯವಿಲ್ಲ. ಮರುವರ್ಷವೇ ವಿಕಿರಣಶೀಲತೆ ಗೋಚರಿಸಿತು. ೧೯೦೩ರಲ್ಲಿ ರೇಡಿಯಮ್ಮಿನಿಂದ ಎಡೆಬಿಡದೆ ಶಾಖ ಹೊರಡುವುದು ತಿಳಿದುಬಂದಿತು. ಕೆಲ್ವಿನ್ನನನ್ನು ಸೋಲಿಸಿದ್ದು ರೇಡಿಯಮ್ಮೆಂದೇ ಅನೇಕ ಪುಸ್ತಕಗಳು ಬರೆಯುತ್ತವೆ. ಆದರೆ ಆ ಶಾಖವನ್ನು ಸೇರಿಸಿಕೊಂಡರೂ ಕೆಲ್ವಿನ್ನನ ಗಟ್ಟಿಭೂಮಿಯ ಲೆಕ್ಕ ಹೆಚ್ಚೇನೂ ಕದಲುವುದಿಲ್ಲ. ಪೆರಿ ತೋರಿಸಿದ ಒಳಗಿನ ಹರಿದಾಟವೇ ಮುಖ್ಯ ಕಾರಣ. ಅವನ ಹೆಸರು ಬಹುಕಾಲ ಮರೆಯಾಗಿದ್ದುದು ನ್ಯಾಯವಲ್ಲ.

ಇಂದು ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷವೆಂದು ನಿಶ್ಚಯವಾಗಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೇ, ಅದರ ಬಳಿಯ ಫಲಕದಲ್ಲಿ ಬರೆದಿರುವಂತೆ, ೩೦೦ ಕೋಟಿ ವರ್ಷ. ಕೆಲ್ವಿನ್ನನು ಇಡೀ ಭೂಗೋಳಕ್ಕೆ ಕೊಟ್ಟಿದ್ದ ೯.೮ ಕೋಟಿಯ ಆಯುಸ್ಸು ಅದರ ಮೂವತ್ತರಲ್ಲಿ ಒಂದು ಪಾಲು.